ಕೊಲ್ಲಿಯ ಗಳಿಕೆ: ರೂಪಾಯಿ ಬಿದ್ದಾಗ ಭಾರ ಯಾರ ಹೆಗಲಿಗೆ?

ಹತ್ತು ರೂಪಾಯಿಯ ಒಂದು ನೋಟು. ಒಂದು ಬದಿಯಲ್ಲಿ ಅಶೋಕ ಸ್ತಂಭದ ಸಿಂಹಗಳು, ಇನ್ನೊಂದು ಬದಿಯಲ್ಲಿ ಹಾಯಿ ಬಿಚ್ಚಿದ ಹಡಗು. ನೋಡಿದರೆ ಐವತ್ತರ ದಶಕದ ನಮ್ಮದೇ ನೋಟು. ಆದರೆ ಬಣ್ಣ ಕೆಂಪು. ಕ್ರಮಸಂಖ್ಯೆಯ ಮುಂದೆ ಇಂಗ್ಲಿಷಿನ ‘ಝಡ್’ ಅಕ್ಷರ. ಭಾರತದ ರಿಸರ್ವ್ ಬ್ಯಾಂಕೇ ಹೊರಡಿಸಿದ ಈ ನೋಟನ್ನು ಮಂಗಳೂರಿನ ಅಂಗಡಿಯಲ್ಲಿ ಕೊಟ್ಟು ಒಂದು ಸೇರು ಅಕ್ಕಿ ಕೊಳ್ಳುವಂತಿರಲಿಲ್ಲ. ಅದು ಚಲಾವಣೆಯಲ್ಲಿದ್ದದ್ದು ಕುವೈತ್, ಬಹರೇನ್, ಕತಾರ್, ದುಬೈ, ಮಸ್ಕತ್‌ಗಳಲ್ಲಿ!

ನಾಣ್ಯ ಸಂಗ್ರಾಹಕರು ‘ಗಲ್ಫ್ ರೂಪಾಯಿ’ ಎಂದು ಕರೆಯುವ ಈ ನೋಟು ಒಂದು ದೊಡ್ಡ ಕಥೆಯ ಮೊದಲ ಪುಟ. ಹೊರದೇಶದಲ್ಲಿ ದುಡಿಯುವವನ ಸಂಬಳ ಒಂದು ನಾಣ್ಯದಲ್ಲಿ, ಅವನ ಮನೆಯ ಖರ್ಚು ಇನ್ನೊಂದು ನಾಣ್ಯದಲ್ಲಿ. ಈ ಎರಡರ ನಡುವಿನ ದರ ಏರುತ್ತದೆ, ಇಳಿಯುತ್ತದೆ. ಹಾಗೆ ಏರಿಳಿದಾಗ ಆಗುವ ನಷ್ಟವನ್ನು ಹೊರುವವರು ಯಾರು? ದುಡಿದವನೇ, ಬ್ಯಾಂಕೇ, ಸರ್ಕಾರವೇ? ಕರಾವಳಿಯ ಸಾವಿರಾರು ಮನೆಗಳ ಗೋಡೆ, ಮಾಡು, ಹೆಣ್ಣುಮಕ್ಕಳ ಮದುವೆ, ಮಕ್ಕಳ ಕಾಲೇಜು ಶುಲ್ಕ ಎಲ್ಲವೂ ಈ ಪ್ರಶ್ನೆಯ ಮೇಲೆ ನಿಂತಿವೆ. ಆರು ದಶಕಗಳಲ್ಲಿ ಇದಕ್ಕೆ ಸಿಕ್ಕ ಉತ್ತರ ಮತ್ತೆ ಮತ್ತೆ ಬದಲಾಗಿದೆ.

ರೂಪಾಯಿಯೇ ಕೊಲ್ಲಿಯ ನಾಣ್ಯ

ಅರಬ್ ನಾಡಿಗೆ ನಮ್ಮ ರೂಪಾಯಿ ಹೋದದ್ದು ಬ್ರಿಟಿಷರ ಕಾಲದಲ್ಲಿ. ಕೊಲ್ಲಿಯ ಪುಟ್ಟ ಸಂಸ್ಥಾನಗಳ ಮೇಲೆ ಬ್ರಿಟಿಷರಿಗಿದ್ದ ಹಿಡಿತವನ್ನು 1947ರವರೆಗೂ ನೋಡಿಕೊಳ್ಳುತ್ತಿದ್ದುದು ಭಾರತದ ಬ್ರಿಟಿಷ್ ಸರ್ಕಾರವೇ. ಅಲ್ಲಿನ ಅಂಚೆ ಕಚೇರಿಗಳಲ್ಲಿ ಭಾರತದ ಅಂಚೆ ಚೀಟಿ, ಪೇಟೆಯಲ್ಲಿ ಭಾರತದ ರೂಪಾಯಿ. ಮುತ್ತಿನ ವ್ಯಾಪಾರ, ಖರ್ಜೂರದ ವ್ಯಾಪಾರ ಎಲ್ಲಕ್ಕೂ ಮುಂಬಯಿಯೇ ದೊಡ್ಡ ಮಾರುಕಟ್ಟೆ. ಹಾಗಾಗಿ ಆ ಕಾಲದಲ್ಲಿ ಬಹರೇನಿಗೋ ಕುವೈತಿಗೋ ಗುಮಾಸ್ತೆಗೆ ಹೋದವನಿಗೆ ‘ವಿನಿಮಯ ದರ’ ಎಂಬ ತಲೆನೋವೇ ಇರಲಿಲ್ಲ. ಅಲ್ಲಿ ಪಡೆದ ರೂಪಾಯಿ ಇಲ್ಲಿಯೂ ರೂಪಾಯಿ.

ತೊಂದರೆ ಬಂದದ್ದು ಚಿನ್ನದಿಂದ. ಸ್ವಾತಂತ್ರ್ಯಾನಂತರ ಭಾರತಕ್ಕೆ ಚಿನ್ನದ ಆಮದು ನಿರ್ಬಂಧಿತವಾಗಿತ್ತು. ಮುಂಬಯಿಯಲ್ಲಿ ಚಿನ್ನದ ಬೆಲೆ ಅಂತರರಾಷ್ಟ್ರೀಯ ಬೆಲೆಗಿಂತ ಬಹಳ ಮೇಲಿತ್ತು. ದುಬೈಯಲ್ಲಿ ಚಿನ್ನ ಮುಕ್ತವಾಗಿ ಸಿಗುತ್ತಿತ್ತು. ಕಳ್ಳಸಾಗಣೆದಾರರು ಭಾರತದಿಂದ ನೋಟಿನ ಕಟ್ಟುಗಳನ್ನು ಹಡಗಿನಲ್ಲಿ ಒಯ್ದು, ಅಲ್ಲಿ ಚಿನ್ನ ಕೊಂಡು, ರಾತ್ರಿಯ ಹೊತ್ತು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿಸುತ್ತಿದ್ದರು. ಆ ರೂಪಾಯಿಗಳು ಕೊಲ್ಲಿಯ ಬ್ಯಾಂಕುಗಳ ಮೂಲಕ ರಿಸರ್ವ್ ಬ್ಯಾಂಕಿಗೇ ಹಿಂದಿರುಗುತ್ತಿದ್ದವು. ಅವಕ್ಕೆ ಪ್ರತಿಯಾಗಿ ಭಾರತ ಸ್ಟರ್ಲಿಂಗ್ ಪೌಂಡ್ ಕೊಡಬೇಕಾಗುತ್ತಿತ್ತು. ಅಂದರೆ ಕಳ್ಳ ಚಿನ್ನದ ಬೆಲೆಯನ್ನು ಕೊನೆಗೆ ತೆರುತ್ತಿದ್ದುದು ದೇಶದ ವಿದೇಶಿ ವಿನಿಮಯದ ಬೊಕ್ಕಸವೇ.

ಈ ಸೋರಿಕೆ ತಡೆಯಲು 1959ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿ ತಂದು ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಲಾಯಿತು. ಒಂದು, ಐದು, ಹತ್ತು, ನೂರು ರೂಪಾಯಿಗಳ ನೋಟುಗಳು. ವಿನ್ಯಾಸ ಅದೇ, ಬಣ್ಣ ಬೇರೆ. ಭಾರತದ ಸಾಮಾನ್ಯ ನೋಟು ಅಲ್ಲಿ ಮಾನ್ಯವಲ್ಲ, ಅಲ್ಲಿನದು ಇಲ್ಲಿ ಮಾನ್ಯವಲ್ಲ. ಬೆಲೆ ಮಾತ್ರ ಎರಡಕ್ಕೂ ಒಂದೇ. ಆ ‘ಒಂದೇ’ ಎಂಬ ಮಾತು ಏಳು ವರ್ಷ ಬಾಳಿತು.

1966ರ ಜೂನ್ 6

ಅಂದು ಭಾರತ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ರೂಪಾಯಿಯ ಬೆಲೆ ಶೇ 36.5ರಷ್ಟು ಕುಸಿಯಿತು. ಅದರೊಂದಿಗೆ ಕೊಲ್ಲಿಯ ಕೆಂಪು ನೋಟೂ ಕುಸಿಯಿತು.

ಇದರ ಅರ್ಥ ತಿಳಿಯಲು ಒಂದು ಲೆಕ್ಕ ನೋಡೋಣ. ಕುವೈತ್ 1961ರಲ್ಲೇ ರೂಪಾಯಿ ಬಿಟ್ಟು ತನ್ನದೇ ದಿನಾರ್ ತಂದಿತ್ತು. ಒಂದು ದಿನಾರ್ ಒಂದು ಸ್ಟರ್ಲಿಂಗ್ ಪೌಂಡಿಗೆ ಸಮ. ಅಂದಿನ ದರದಲ್ಲಿ ಅದು 13 ರೂಪಾಯಿ 33 ಪೈಸೆ. ಇಬ್ಬರು ಅಣ್ಣತಮ್ಮಂದಿರು ಇದ್ದಾರೆಂದು ಭಾವಿಸಿ. ಅಣ್ಣ ಕುವೈತಿನಲ್ಲಿ 75 ದಿನಾರ್ ಉಳಿಸಿದ್ದಾನೆ, ತಮ್ಮ ಮಸ್ಕತ್‌ನಲ್ಲಿ 1,000 ರೂಪಾಯಿ ಉಳಿಸಿದ್ದಾನೆ. ಜೂನ್ 5ರಂದು ಇಬ್ಬರ ಉಳಿತಾಯವೂ ಸಮ. ಜೂನ್ 6ರಂದು ಅಣ್ಣನ 75 ದಿನಾರ್‌ಗೆ ಊರಿನಲ್ಲಿ 1,575 ರೂಪಾಯಿ. ತಮ್ಮನ ಸಾವಿರ ಸಾವಿರವಾಗಿಯೇ ಉಳಿಯಿತು. ದುಡಿಮೆ ಒಂದೇ, ಬಿಸಿಲೂ ಒಂದೇ. ಉಳಿತಾಯ ಯಾವ ನಾಣ್ಯದಲ್ಲಿತ್ತು ಎಂಬುದಷ್ಟೇ ವ್ಯತ್ಯಾಸ.

ಕೊಲ್ಲಿಯ ದೊರೆಗಳು ಇದನ್ನು ಸುಮ್ಮನೆ ನೋಡುತ್ತ ಕೂರಲಿಲ್ಲ. ಬಹರೇನ್ 1965ರಲ್ಲೇ ತನ್ನ ದಿನಾರ್ ಹೊರಡಿಸಿತ್ತು. ಅಪಮೌಲ್ಯದ ಸುದ್ದಿ ಬಂದೊಡನೆ ಅಬುಧಾಬಿ ಬಹರೇನಿನ ದಿನಾರನ್ನು ಆರಿಸಿಕೊಂಡಿತು. ಕತಾರ್ ಮತ್ತು ದುಬೈ ಸ್ವಲ್ಪ ಕಾಲ ಸೌದಿ ರಿಯಾಲಿನ ಆಸರೆ ಪಡೆದು, ಅದೇ ವರ್ಷ ಜಂಟಿಯಾಗಿ ಹೊಸ ರಿಯಾಲ್ ತಂದವು. ಒಮಾನ್ ಮಾತ್ರ 1970ರವರೆಗೂ ಗಲ್ಫ್ ರೂಪಾಯಿಯನ್ನೇ ನಡೆಸಿತು. ಅಲ್ಲಿ ಹೊಸ ರಿಯಾಲ್ ಬಂದಾಗ ಅದರ ಬೆಲೆ ಕಟ್ಟಿದ್ದು 21 ರೂಪಾಯಿಗೆ. ಅಂದರೆ ಇಳಿದ ರೂಪಾಯಿಯ ಲೆಕ್ಕದಲ್ಲೇ. ತಮ್ಮನ ನಷ್ಟ ಹಾಗೆ ಕಾಯಂ ಆಯಿತು.

ಡ್ರಾಫ್ಟಿನ ದಿನಗಳು

1973ರ ಕೊನೆಯಲ್ಲಿ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿತು. ಕೊಲ್ಲಿಯಲ್ಲಿ ಬಂದರು, ರಸ್ತೆ, ಆಸ್ಪತ್ರೆ, ಹೋಟೆಲುಗಳ ನಿರ್ಮಾಣದ ಸುಗ್ಗಿ ಆರಂಭವಾಯಿತು. ಬಡಗಿ, ಮೇಸ್ತ್ರಿ, ಎಲೆಕ್ಟ್ರಿಷಿಯನ್, ಚಾಲಕ, ಅಡುಗೆಯವರು, ನರ್ಸ್, ಟೈಪಿಸ್ಟ್ ಎಲ್ಲರಿಗೂ ಕರೆ ಬಂತು. ಕೇರಳದಿಂದ ಅತಿ ಹೆಚ್ಚು ಮಂದಿ ಹೋದರು. ನಮ್ಮಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಕಡೆಯವರು ಮುಂದಾದರು. ಮುಂಬಯಿಗೆ ಬಸ್ಸು, ಅಲ್ಲಿಂದ ವಿಮಾನ ಅಥವಾ ಹಡಗು. ಮುಂಬಯಿ ಮತ್ತು ಕೊಲ್ಲಿಯ ಬಂದರುಗಳ ನಡುವೆ ಓಡಾಡುತ್ತಿದ್ದ ‘ದ್ವಾರಕಾ’ ಹಡಗು 1982ರಲ್ಲಷ್ಟೇ ತನ್ನ ಸೇವೆ ನಿಲ್ಲಿಸಿತು.

ದುಡಿದ ಹಣ ಊರಿಗೆ ಬರುತ್ತಿದ್ದುದು ಡ್ರಾಫ್ಟಿನ ರೂಪದಲ್ಲಿ. ತಿಂಗಳ ಸಂಬಳ ಕೈಗೆ ಬಂದ ಮೇಲೆ ಶುಕ್ರವಾರದ ರಜೆಯ ಆಚೀಚೆ ಎಕ್ಸ್‌ಚೇಂಜ್ ಅಂಗಡಿಯ ಮುಂದೆ ಸಾಲು. ಡ್ರಾಫ್ಟನ್ನು ಕಾಗದದೊಳಗೆ ಮಡಚಿ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಬೇಕು. ಅದು ಊರು ತಲುಪಬೇಕು. ಮನೆಯವರು ಅದನ್ನು ಬ್ಯಾಂಕಿಗೆ ಕಟ್ಟಬೇಕು. ಬ್ಯಾಂಕು ಅದನ್ನು ಮುಂಬಯಿಗೆ ಕಳುಹಿಸಿ ಹಣ ತರಿಸಬೇಕು. ಇಷ್ಟಕ್ಕೆ ವಾರಗಳು ಉರುಳುತ್ತಿದ್ದವು. ಅಷ್ಟರಲ್ಲಿ ಸೊಸೈಟಿಯ ಸಾಲದ ಕಂತಿನ ದಿನ ದಾಟಿರುತ್ತಿತ್ತು.

ಈ ವಿಷಯದಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಗೆ ಒಂದು ಅನುಕೂಲವಿತ್ತು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಇದೇ ಮಣ್ಣಿನಲ್ಲಿ. ಹಳ್ಳಿಹಳ್ಳಿಗೂ ಬ್ಯಾಂಕ್ ಶಾಖೆ, ಪಾಸ್‌ಬುಕ್ಕಿನ ಪರಿಚಯ ಮೊದಲೇ ಇತ್ತು. ಕೊಲ್ಲಿಯ ಹಣ ಬಂದಾಗ ಅದನ್ನು ಇಡಲು ಪೆಟ್ಟಿಗೆ ಹುಡುಕಬೇಕಾಗಲಿಲ್ಲ. (ಇವುಗಳ ಪೈಕಿ ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು.)

ಹುಂಡಿಯ ಸೆಳೆತ

ಆದರೂ ಬಹಳಷ್ಟು ಹಣ ಬ್ಯಾಂಕಿನ ಮೆಟ್ಟಿಲು ಹತ್ತಲೇ ಇಲ್ಲ. ಕಾರಣ ಸರಳ. ಸರ್ಕಾರಿ ದರ ಒಂದು, ಪೇಟೆಯ ದರ ಇನ್ನೊಂದು. ದುಬೈಯ ಪೇಟೆಯಲ್ಲಿ ಒಬ್ಬನ ಕೈಗೆ ದಿರ್ಹಮ್ ಕೊಟ್ಟರೆ, ಮರುದಿನ ಊರಿನ ಮನೆಬಾಗಿಲಿಗೆ ಬ್ಯಾಂಕಿಗಿಂತ ಹೆಚ್ಚು ರೂಪಾಯಿ ಬರುತ್ತಿತ್ತು. ಇದೇ ಹುಂಡಿ, ಹವಾಲಾ ಎಂದೂ ಹೆಸರು.

ಇದರಲ್ಲಿ ಹಣ ಗಡಿ ದಾಟುವುದೇ ಇಲ್ಲ ಎಂಬುದು ಗಮನಿಸಬೇಕಾದ ಅಂಶ. ದಿರ್ಹಮ್ ದುಬೈಯಲ್ಲೇ ಉಳಿಯುತ್ತದೆ, ರೂಪಾಯಿ ಭಾರತದಲ್ಲೇ ಕೈ ಬದಲಾಯಿಸುತ್ತದೆ. ಅಲ್ಲಿ ಉಳಿದ ದಿರ್ಹಮ್‌ನಿಂದ ಚಿನ್ನ ಕೊಂಡು ಇಲ್ಲಿಗೆ ಸಾಗಿಸಿದರೆ, ಅದನ್ನು ಮಾರಿ ಬಂದ ರೂಪಾಯಿಯೇ ಮುಂದಿನ ತಿಂಗಳ ಮನೆಗಳಿಗೆ ಹಂಚಿಕೆ. 1959ರಲ್ಲಿ ಕೆಂಪು ನೋಟು ತಂದು ಮುಚ್ಚಿದ ಬಾಗಿಲು ಹೀಗೆ ಹಿತ್ತಲಿನಿಂದ ತೆರೆದುಕೊಂಡಿತು.

ಸರ್ಕಾರ ಬಿಗಿ ಕಾನೂನು ತಂದಿತು. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ, ಅಂದರೆ ‘ಫೆರಾ’, 1973ರಲ್ಲಿ ಅಂಗೀಕಾರವಾಗಿ 1974ರ ಜನವರಿಯಿಂದ ಜಾರಿಗೆ ಬಂತು. ಅದರಡಿ ವಿನಿಮಯದ ತಪ್ಪಿಗೆ ಜೈಲು. ಅದೇ ವರ್ಷ ಬಂದ ‘ಕಾಫಿಪೋಸಾ’ ಕಾಯಿದೆಯಡಿ ವಿಚಾರಣೆಯಿಲ್ಲದೆಯೇ ಬಂಧನದಲ್ಲಿಡಬಹುದಿತ್ತು. ಆದರೂ ಹುಂಡಿ ನಿಲ್ಲಲಿಲ್ಲ. ದರಗಳ ನಡುವಿನ ಅಂತರ ಇರುವವರೆಗೆ ಅದು ನಿಲ್ಲುವಂತೆಯೂ ಇರಲಿಲ್ಲ.

ಹುಂಡಿಯಲ್ಲಿ ಭಾರವೆಲ್ಲ ದುಡಿದವನ ಹೆಗಲಿಗೇ. ರಸೀದಿ ಇಲ್ಲ, ಸಾಕ್ಷಿ ಇಲ್ಲ. ಮಧ್ಯವರ್ತಿ ಕೈಕೊಟ್ಟರೆ ದೂರು ಕೊಡುವಂತಿಲ್ಲ, ಕೊಟ್ಟರೆ ತಾನೇ ಅಪರಾಧಿ. ನಾಳೆ ಆ ಹಣದಿಂದ ಜಾಗ ಕೊಂಡರೆ ‘ಇದೆಲ್ಲಿಂದ ಬಂತು’ ಎಂಬ ತೆರಿಗೆ ಅಧಿಕಾರಿಯ ಪ್ರಶ್ನೆಗೆ ಉತ್ತರವಿಲ್ಲ.

ಎರಡು ಖಾತೆ, ಎರಡು ಲೆಕ್ಕ

ಕಾನೂನಿನ ಕೋಲಿನ ಜೊತೆಗೆ ಸರ್ಕಾರ ಬೆಲ್ಲವನ್ನೂ ಇಟ್ಟಿತ್ತು. 1970ರಲ್ಲಿ ಅನಿವಾಸಿ ಭಾರತೀಯರಿಗಾಗಿ ‘ಎನ್‌ಆರ್‌ಇ’ ಖಾತೆ ಆರಂಭವಾಯಿತು. ಹೊರದೇಶದಿಂದ ತಂದ ಹಣವನ್ನು ಇಲ್ಲಿ ರೂಪಾಯಿಯಾಗಿ ಇಡಬಹುದು, ಬೇಕೆಂದಾಗ ವಿದೇಶಿ ನಾಣ್ಯವಾಗಿಸಿ ವಾಪಸ್ ಒಯ್ಯಬಹುದು. ಬಡ್ಡಿಗೆ ತೆರಿಗೆ ಇಲ್ಲ. ಆದರೆ ಖಾತೆ ಇರುವುದು ರೂಪಾಯಿಯಲ್ಲಿ. ರೂಪಾಯಿ ಬಿದ್ದರೆ ಆ ಪೆಟ್ಟು ಠೇವಣಿದಾರನಿಗೆ.

1975ರಲ್ಲಿ ಎರಡನೆಯ ಖಾತೆ ಬಂತು. ಹೆಸರು ‘ಎಫ್‌ಸಿಎನ್‌ಆರ್’. ಇಲ್ಲಿ ಠೇವಣಿ ಡಾಲರಿನಲ್ಲೋ ಪೌಂಡಿನಲ್ಲೋ ಇರುತ್ತದೆ. ಸಾವಿರ ಡಾಲರ್ ಇಟ್ಟವನಿಗೆ ಅವಧಿ ಮುಗಿದಾಗ ಸಾವಿರ ಡಾಲರ್ ಮತ್ತು ಬಡ್ಡಿ. ನಡುವೆ ರೂಪಾಯಿ ಎಷ್ಟೇ ಬೀಳಲಿ, ಆ ವ್ಯತ್ಯಾಸವನ್ನು ರಿಸರ್ವ್ ಬ್ಯಾಂಕ್ ತುಂಬಿಕೊಡುತ್ತಿತ್ತು.

ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ನೋಡಿ. 1980ರಲ್ಲಿ ಡಾಲರಿಗೆ ಸುಮಾರು 8 ರೂಪಾಯಿ. 1991ರ ಜುಲೈ ಕೊನೆಗೆ ಸುಮಾರು 26. ಒಂದೊಂದು ಡಾಲರಿನ ಮೇಲೂ 18 ರೂಪಾಯಿಯ ಅಂತರ. ಬಡ್ಡಿಯ ಮಾತು ಬಿಟ್ಟರೆ, ಎನ್‌ಆರ್‌ಇ ಖಾತೆಯವನ ಅಸಲು 8,000 ರೂಪಾಯಿ ಹಾಗೇ ಉಳಿಯಿತು. ಎಫ್‌ಸಿಎನ್‌ಆರ್ ಖಾತೆಯವನ ಸಾವಿರ ಡಾಲರ್ 26,000 ರೂಪಾಯಿಯಾಯಿತು. ಆ ಹೆಚ್ಚುವರಿ 18,000 ಆಕಾಶದಿಂದ ಬೀಳಲಿಲ್ಲ. ಅದನ್ನು ಹೊತ್ತದ್ದು ರಿಸರ್ವ್ ಬ್ಯಾಂಕ್, ಅಂದರೆ ಕೊನೆಗೆ ದೇಶದ ಬೊಕ್ಕಸ. ಕೊಲ್ಲಿಗೆ ಹೋಗದ ರೈತನೂ ಅದರಲ್ಲಿ ಪಾಲುದಾರನೇ.

ಹಾಗೆಂದು ಎನ್‌ಆರ್‌ಇ ಖಾತೆ ಇಟ್ಟವರೆಲ್ಲ ದಡ್ಡರಲ್ಲ. ಅದರ ಬಡ್ಡಿ ಸಾಮಾನ್ಯವಾಗಿ ಹೆಚ್ಚು. ಊರಿನಲ್ಲೇ ಮನೆ ಕಟ್ಟಬೇಕು, ಊರಿನಲ್ಲೇ ಮುಪ್ಪು ಕಳೆಯಬೇಕು ಎನ್ನುವವನಿಗೆ ಕೊನೆಗೆ ಬೇಕಾದ್ದು ರೂಪಾಯಿಯೇ.

ಕುವೈತಿನ ಪಾಠ

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರು ಮರುಭೂಮಿ ದಾಟಿ ಜೋರ್ಡಾನ್ ಸೇರಿದರು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಮುಖ್ಯವಾಗಿ ಮುಂಬಯಿಗೆ ಹಾರಾಟ ನಡೆಸಿ ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದವು. ಇಂದಿಗೂ ಅದು ಪ್ರಯಾಣಿಕ ವಿಮಾನಗಳು ನಡೆಸಿದ ಅತಿ ದೊಡ್ಡ ತೆರವು ಕಾರ್ಯಾಚರಣೆಗಳಲ್ಲಿ ಒಂದು.

ಜೀವ ಉಳಿಯಿತು. ಹಣ? ದಾಳಿಯ ಹಿಂದಿನ ದಿನ ಒಂದು ಕುವೈತ್ ದಿನಾರ್‌ಗೆ ಸುಮಾರು 60 ರೂಪಾಯಿ. ಜಗತ್ತಿನ ಅತಿ ಬೆಲೆಯ ನಾಣ್ಯಗಳಲ್ಲಿ ಒಂದು. ಇರಾಕ್ ಅದನ್ನು ತನ್ನ ಅಗ್ಗದ ದಿನಾರ್‌ಗೆ ಸಮವೆಂದು ಘೋಷಿಸಿತು. ಆಮೇಲೆ ಚಲಾವಣೆಯಿಂದಲೇ ತೆಗೆಯಿತು. ಕುವೈತಿನ ಕೇಂದ್ರ ಬ್ಯಾಂಕಿನಿಂದ ನೋಟಿನ ರಾಶಿಯನ್ನೇ ಸೈನಿಕರು ಒಯ್ದಿದ್ದರಿಂದ ಹೊರಗಿನ ಬ್ಯಾಂಕುಗಳು ಆ ನೋಟನ್ನು ಮುಟ್ಟಲು ಹೆದರಿದವು. ದಿಂಬಿನೊಳಗೆ, ಸೊಂಟದ ಪಟ್ಟಿಯೊಳಗೆ ದಿನಾರ್ ಇಟ್ಟುಕೊಂಡು ಬಂದವರ ಕೈಯಲ್ಲಿ ಬಣ್ಣದ ಕಾಗದ ಉಳಿಯಿತು. 1991ರ ಮಾರ್ಚಿನಲ್ಲಿ, ವಿಮೋಚನೆಯ ಬಳಿಕ, ಕುವೈತ್ ಹೊಸ ನೋಟು ಹೊರಡಿಸಿ ಕದ್ದ ನೋಟುಗಳ ಸಂಖ್ಯೆಗಳನ್ನು ರದ್ದುಪಡಿಸಿತು. ಮುಂದೆ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮೂಲಕ ಕುವೈತ್ ತೊರೆದವರಿಗೆ ಪರಿಹಾರ ಸಿಕ್ಕಿತು. ಅದಕ್ಕೆ ವರ್ಷಗಳು ಹಿಡಿದವು.

1966ರಲ್ಲಿ ದಿನಾರ್ ಇದ್ದವನು ಗೆದ್ದಿದ್ದ, ರೂಪಾಯಿ ಇದ್ದವನು ಸೋತಿದ್ದ. 1990ರಲ್ಲಿ ದಿನಾರ್ ಇದ್ದವನು ಸೋತ, ತಿಂಗಳು ತಿಂಗಳು ಊರಿಗೆ ಕಳುಹಿಸಿ ರೂಪಾಯಿ ಮಾಡಿಕೊಂಡವನು ಉಳಿದ. ಗಟ್ಟಿ ನಾಣ್ಯ ಯಾವುದೆಂಬುದಕ್ಕೆ ಶಾಶ್ವತ ಉತ್ತರವಿಲ್ಲ ಎಂಬುದು ಆಗ ತಿಳಿಯಿತು.

ದೇಶವೂ ಒಂದು ಪಾಠ ಕಲಿಯಿತು. ತೈಲದ ಬೆಲೆ ಏರಿತು, ಕುವೈತಿನಿಂದ ಬರುತ್ತಿದ್ದ ಹಣ ನಿಂತಿತು. ಮೇಲಿಂದ ಅನಿವಾಸಿಗಳ ಡಾಲರ್ ಠೇವಣಿಗಳು ಹೊರಗೆ ಹರಿಯತೊಡಗಿದವು. ಮಗ ಅಮ್ಮನಿಗೆ ಕಳುಹಿಸಿದ ಹಣ ವಾಪಸ್ ಹೋಗುವುದಿಲ್ಲ. ಬಡ್ಡಿಯಾಸೆಗೆ ಬಂದ ಠೇವಣಿ ಭಯ ಬಂದೊಡನೆ ವಾಪಸ್ ಹೋಗುತ್ತದೆ. 1991ರ ಮಧ್ಯಭಾಗದಲ್ಲಿ ಭಾರತದ ಬಳಿ ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವ ವಿದೇಶಿ ವಿನಿಮಯ ಉಳಿದಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ ಹೋಯಿತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಅಡಮಾನವಾಗಿ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಹೋಯಿತು. ಕೊಲ್ಲಿಯಿಂದ ಕದ್ದು ಬರುವ ಚಿನ್ನವನ್ನು ತಡೆಯಲು ಮೂರು ದಶಕ ಹೆಣಗಿದ ದೇಶ ತನ್ನ ಚಿನ್ನವನ್ನೇ ವಿಮಾನಕ್ಕೆ ಏರಿಸಬೇಕಾಯಿತು.

ಬಾಗಿಲು ತೆರೆದಾಗ

ಆಮೇಲಿನ ಬದಲಾವಣೆ ವೇಗವಾಗಿ ನಡೆಯಿತು. 1991ರ ಜುಲೈನಲ್ಲಿ ಎರಡು ಕಂತಿನಲ್ಲಿ ರೂಪಾಯಿಯ ಅಪಮೌಲ್ಯ. 1992ರ ಮಾರ್ಚಿನಿಂದ ಹೊರಗಿನ ಗಳಿಕೆಯ ಶೇ 60 ಭಾಗಕ್ಕೆ ಮಾರುಕಟ್ಟೆ ದರ, ಉಳಿದ ಶೇ 40ಕ್ಕೆ ಸರ್ಕಾರಿ ದರ. 1993ರ ಮಾರ್ಚಿನಲ್ಲಿ ಎರಡೂ ಒಂದಾಗಿ ಪೂರ್ತಿ ಮಾರುಕಟ್ಟೆ ದರವೇ ಬಂತು. ಚಿನ್ನ ನಿಯಂತ್ರಣ ಕಾಯಿದೆ 1990ರಲ್ಲೇ ರದ್ದಾಗಿತ್ತು. 1992ರಲ್ಲಿ ಊರಿಗೆ ಮರಳುವ ಅನಿವಾಸಿಗಳು ಸುಂಕ ಕಟ್ಟಿ ಐದು ಕಿಲೋವರೆಗೆ ಚಿನ್ನ ತರಲು ಅನುಮತಿ ಸಿಕ್ಕಿತು.

ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 1990-91ರಲ್ಲಿ ಅಧಿಕೃತ ದಾರಿಯಲ್ಲಿ ಭಾರತಕ್ಕೆ ಬಂದ ಖಾಸಗಿ ಹಣ ಸುಮಾರು 200 ಕೋಟಿ ಡಾಲರ್. 1994-95ರಲ್ಲಿ ಸುಮಾರು 800 ಕೋಟಿ ಡಾಲರ್. ನಾಲ್ಕು ವರ್ಷಗಳಲ್ಲಿ ಕೊಲ್ಲಿಗೆ ಹೋದವರ ಸಂಖ್ಯೆ ನಾಲ್ಕು ಪಟ್ಟು ಆಗಿರಲಿಲ್ಲ. ಹುಂಡಿಯಲ್ಲಿ ಹರಿಯುತ್ತಿದ್ದ ಹಣದ ಒಂದು ದೊಡ್ಡ ಪಾಲು ಬ್ಯಾಂಕಿನತ್ತ ತಿರುಗಿತ್ತು. ಜೈಲಿನ ಭಯ ಮಾಡಲಾಗದ್ದನ್ನು ನ್ಯಾಯವಾದ ದರ ಮಾಡಿತು.

ಇನ್ನೊಂದೆಡೆ ರಿಸರ್ವ್ ಬ್ಯಾಂಕ್ ತನ್ನ ಹೆಗಲಿನ ಭಾರ ಇಳಿಸಿತು. ಹಳೆಯ ಎಫ್‌ಸಿಎನ್‌ಆರ್ ಯೋಜನೆ 1994ರಲ್ಲಿ ಮುಗಿಯಿತು. 1993ರಲ್ಲಿ ಆರಂಭವಾದ ಹೊಸ ಯೋಜನೆಯಲ್ಲಿ ದರದ ಅಪಾಯ ಠೇವಣಿ ಪಡೆದ ಬ್ಯಾಂಕುಗಳದ್ದು. 2000ದ ಜೂನ್‌ನಲ್ಲಿ ಫೆರಾ ಹೋಗಿ ‘ಫೆಮಾ’ ಬಂತು. ವಿನಿಮಯದ ತಪ್ಪು ಅಪರಾಧದ ಪಟ್ಟಿಯಿಂದ ದಂಡದ ಪಟ್ಟಿಗೆ ಇಳಿಯಿತು. ಆದರೆ ಸಂಕಟ ಬಂದಾಗ ಭಾರ ಮತ್ತೆ ಹಳೆಯ ಹೆಗಲನ್ನೇ ಹುಡುಕಿತು. 2013ರ ಆಗಸ್ಟ್‌ನಲ್ಲಿ ಡಾಲರಿಗೆ 68 ರೂಪಾಯಿ ದಾಟಿದಾಗ, ರಿಸರ್ವ್ ಬ್ಯಾಂಕ್ ಈ ಠೇವಣಿಗಳ ದರದ ಅಪಾಯವನ್ನು ನಿಗದಿತ ವೆಚ್ಚಕ್ಕೆ ತಾನೇ ವಹಿಸಿಕೊಂಡಿತು. ಅದರಿಂದ ಕೆಲವೇ ತಿಂಗಳಲ್ಲಿ ಸುಮಾರು 2,600 ಕೋಟಿ ಡಾಲರ್ ಬಂತು.

ಉಳಿದ ಪ್ರಶ್ನೆ

2006ರಲ್ಲಿ ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಆರಂಭವಾಯಿತು. ಡ್ರಾಫ್ಟಿಗೆ ಕಾಯುವ ಕಾಲ ಹೋಯಿತು. ಈಗ ಮೊಬೈಲಿನಲ್ಲಿ ಒತ್ತಿದರೆ ಹಣ ಸಾಮಾನ್ಯವಾಗಿ ಅದೇ ದಿನ ಖಾತೆಗೆ ಬೀಳುತ್ತದೆ. 2022ರಲ್ಲಿ ಹೊರನಾಡಿಗರಿಂದ ಭಾರತಕ್ಕೆ ಬಂದ ಹಣ 10 ಸಾವಿರ ಕೋಟಿ ಡಾಲರ್ ಮೀರಿತು. ಅಷ್ಟು ಪಡೆದ ಮೊದಲ ದೇಶ ನಮ್ಮದು. 1973ರಲ್ಲಿ ಹುಟ್ಟಿದಾಗ ಸುಮಾರು ಎರಡು ರೂಪಾಯಿ ಬಾಳುತ್ತಿದ್ದ ಎಮಿರೇಟ್ಸ್ ದಿರ್ಹಮ್ 2022ರಲ್ಲಿ 22 ರೂಪಾಯಿ ಮುಟ್ಟಿತು.

ರೂಪಾಯಿ ಬಿದ್ದ ದಿನ ಎಕ್ಸ್‌ಚೇಂಜ್ ಅಂಗಡಿಗಳಲ್ಲಿ ಸಾಲು ಉದ್ದವಾಗುತ್ತದೆ. ಸಂಬಳ ಏರದಿದ್ದರೂ ಊರಿಗೆ ಹೆಚ್ಚು ಹಣ ಹೋಗುತ್ತದೆ ಎಂಬ ಸಂತೋಷ ಸಹಜವೇ. ಆದರೆ ಅದೇ ಅವಧಿಯಲ್ಲಿ ಊರಿನಲ್ಲಿ ಸಿಮೆಂಟು, ಕಬ್ಬಿಣ, ಜಾಗ, ಚಿನ್ನ, ಆಸ್ಪತ್ರೆ ಎಲ್ಲದರ ಬೆಲೆಯೂ ಏರಿರುತ್ತದೆ. ಹತ್ತು ಪಟ್ಟಾದ ದಿರ್ಹಮ್‌ನಿಂದ ಹತ್ತು ಪಟ್ಟು ದೊಡ್ಡ ಮನೆ ಯಾರೂ ಕಟ್ಟಲಿಲ್ಲ.

ಇತಿಹಾಸ ಹೇಳುವ ಬುದ್ಧಿವಾದ ಇಷ್ಟೇ. ಮನೆಖರ್ಚಿನ ಹಣ ತಿಂಗಳಿಗೆ ತಿಂಗಳಿಗೆ ಬರಲಿ; ದರ ಏರಲೆಂದು ಕಾಯುವುದು ಜೂಜು. ಊರಿನಲ್ಲಿ ಖರ್ಚಾಗಬೇಕಾದ ಉಳಿತಾಯ ರೂಪಾಯಿಯಲ್ಲಿರಲಿ, ಹೊರಗೆ ಬೇಕಾಗಬಹುದಾದದ್ದು ಅಲ್ಲಿನ ನಾಣ್ಯದಲ್ಲಿರಲಿ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬೇಡ. ಕಾಯಂ ಆಗಿ ಮರಳಿದವರು ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಾಯಿಸಬೇಕು. ವಿದೇಶಿ ನಾಣ್ಯದಲ್ಲೇ ಉಳಿಸಿಕೊಳ್ಳಬೇಕೆಂದರೆ ಮರಳಿದವರಿಗಾಗಿ 1992ರಲ್ಲಿ ಬಂದ ‘ಆರ್‌ಎಫ್‌ಸಿ’ ಖಾತೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರಾದರೂ ಹೆಚ್ಚಿನ ದರವನ್ನೋ ಹೆಚ್ಚಿನ ಬಡ್ಡಿಯನ್ನೋ ಮುಂದಿಟ್ಟಾಗ, ಸೋತರೆ ಸೋಲು ಯಾರದೆಂದು ಮೊದಲೇ ಕೇಳಿಕೊಳ್ಳಬೇಕು.

‘ಝಡ್’ ಅಕ್ಷರದ ಆ ಕೆಂಪು ನೋಟು ಇಂದು ಹರಾಜಿನಲ್ಲಿ ಮುಖಬೆಲೆಯ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತದೆ. ಬಿಸಿಲಿನಲ್ಲಿ ದುಡಿದು ಅದನ್ನು ಗಳಿಸಿದವನಿಗೆ ಮಾತ್ರ ಒಂದೇ ದಿನದಲ್ಲಿ ಅದರ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬೆಲೆ ಕೈಬಿಟ್ಟು ಹೋಗಿತ್ತು.